ಮುಟ್ಟು ಮುಂದೂಡುವ ಮನೆಗೆ ನೀವು ಕಲಿಸಿದ ಲೆಕ್ಕ

ಮಾನ್ಯ ಕುಟುಂಬ ಕಲ್ಯಾಣ ಅಧಿಕಾರಿಗಳೇ,

ನನ್ನ ದೂರಿಗೆ ತಮ್ಮ ಕಚೇರಿಯ ಉತ್ತರ ತಲುಪಿತು. ಮೂರು ಸಾಲಿನ ಆ ಇಂಗ್ಲಿಷ್ ಉತ್ತರದ ತಾತ್ಪರ್ಯ ಇಷ್ಟು: ಫಲಾನುಭವಿಗೆ ಗರ್ಭ ತಡೆಯುವ ನೈಸರ್ಗಿಕ ವಿಧಾನದ ಬಗ್ಗೆ ಸೂಕ್ತ ತಿಳಿವಳಿಕೆ ಕೊಡಲಾಗಿತ್ತು; ಸುರಕ್ಷಿತ ದಿನಗಳನ್ನು ಎಣಿಸುವಲ್ಲಿ ಆಕೆ ಅಜಾಗರೂಕತೆ ತೋರಿದ್ದರಿಂದ ಗರ್ಭ ನಿಂತಿದೆ; ಇಲಾಖೆಯ ಕಡೆಯಿಂದ ಲೋಪವಿಲ್ಲದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ. ಇಲ್ಲಿ ಫಲಾನುಭವಿ ಎಂದರೆ ನಾನು. ತಾವು ಮುಕ್ತಾಯ ಮಾಡಿದ ದೂರನ್ನು ನಾನು ಇಲ್ಲಿ ಎಲ್ಲರ ಎದುರು ಮತ್ತೆ ತೆರೆಯುತ್ತಿದ್ದೇನೆ, ಏಕೆಂದರೆ ತಾವು ಹೇಳಿದ ಕಾರಣ ಸುಳ್ಳು.

ದೂರನ್ನು ತೆಲುಗಿನಲ್ಲಿ ಬರೆಸಿ ಕೊಟ್ಟಿದ್ದೆ, ಜವಾಬು ಇಂಗ್ಲಿಷಿನಲ್ಲಿ ಬಂತು. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಾಯಚೂರು ಜಿಲ್ಲೆಯಿಂದ ಮದುವೆಯಾಗಿ ತೆಲುಗರ ಈ ಮಹಾನಗರದ ನಾಚಾರಂ ಬಡಾವಣೆಗೆ ಬಂದ ಮೇಲೆ ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ಹಿಂದಿ ಚೆನ್ನಾಗಿಯೇ ರೂಢಿಯಾಗಿದೆ, ಆದರೆ ಸಿಟ್ಟು ಬಂದಾಗ ನನಗೆ ಕನ್ನಡವೇ ಬರುವುದು. ಈ ಊರಿನ ಕನ್ನಡಿಗರ ಮಾಸಪತ್ರಿಕೆಯಲ್ಲಿ ಇದು ಅಚ್ಚಾಗುತ್ತದೆ. ತಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಇದ್ದಾರು, ದಯವಿಟ್ಟು ಓದಿಸಿಕೊಳ್ಳಿ.

ನಾನು ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ನಮ್ಮ ಮನೆಯವರು ಚೇತನಕುಮಾರ ಇಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಪ್ಲಾಸ್ಟಿಕ್ ಡಬ್ಬಿ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಮಗೆ ಎರಡು ಮಕ್ಕಳು, ಎರಡೂ ಹೊಟ್ಟೆ ಕೊಯ್ದು ತೆಗೆದವು. ಎರಡನೆಯ ಹೆರಿಗೆ ಆದಾಗ ಡಾಕ್ಟರು ನನಗೂ ನನ್ನ ಅತ್ತೆಗೂ ಬಿಡಿಸಿ ಹೇಳಿದ್ದರು: ಹೊಲಿಗೆ ಹಾಕಿದ ಜಾಗ ಬಹಳ ತೆಳುವಾಗಿದೆ, ಇನ್ನೊಂದು ಬಸಿರು ನಿಂತರೆ ತಾಯಿಯ ಜೀವಕ್ಕೇ ಅಪಾಯ. ಹಾಗಾದರೆ ಆಗಲೇ ಆಪರೇಶನ್ ಯಾಕೆ ಮಾಡಿಸಿಕೊಳ್ಳಲಿಲ್ಲ ಎಂದು ತಾವು ಕೇಳಬಹುದು. ಕೂಸು ತೂಕವಿಲ್ಲದೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದು ಉಳಿಯುತ್ತದೋ ಇಲ್ಲವೋ ನೋಡಿಕೊಂಡು ಮಾಡಿಸೋಣ ಎಂದು ಹಿರಿಯರು ಹೇಳಿದರು. ಕೂಸು ಉಳಿಯಿತು. ಆಮೇಲೆ ನಾನು ಹೋದಾಗಲೆಲ್ಲ ಮೈಯಲ್ಲಿ ರಕ್ತ ಕಡಿಮೆ, ಮುಂದಿನ ಕ್ಯಾಂಪಿಗೆ ಬಾರಮ್ಮ ಎಂದು ತಮ್ಮವರೇ ವಾಪಸು ಕಳಿಸಿದರು.

ಹೀಗೆ ನಾನು ತಮ್ಮ ಕೇಂದ್ರದ ಸಲಹೆಗಾರ್ತಿಯ ಮುಂದೆ ಕೂತೆ. ಗರ್ಭ ತಡೆಯುವ ಗುಳಿಗೆ ನುಂಗಿದರೆ ಅರೆತಲೆನೋವು ಬರುತ್ತಿತ್ತು, ರಕ್ತದೊತ್ತಡ ಏರುತ್ತಿತ್ತು. ಕಾಪರ್-ಟಿ ಹಾಕಿಸಿದರೆ ತಿಂಗಳೆಲ್ಲ ರಕ್ತ ಹೋಗಿ ಅದನ್ನು ತೆಗೆಸಬೇಕಾಯಿತು. ಗಂಡಸರ ಆಪರೇಶನ್ ಸುಲಭವಂತೆ, ಅದನ್ನೇ ಮಾಡಿಸಬಹುದಲ್ಲವೇ ಎಂದು ನಾನು ಬಾಯಿ ಬಿಟ್ಟು ಕೇಳಿದೆ. ಆ ತಾಯಿ ನಕ್ಕುಬಿಟ್ಟರು. ದುಡಿಯುವ ಗಂಡಸಿಗೆ ಅದೆಲ್ಲ ಯಾಕಮ್ಮಾ ಎಂದರು. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಅದು ಸುರಕ್ಷಿತ, ಸರಳ ಎಂದು ಇಲಾಖೆಯೇ ಅಂಟಿಸಿದ ಪೋಸ್ಟರು ಇತ್ತು ಎಂಬುದನ್ನು ಅವರು ಬಹುಶಃ ಓದಿರಲಿಲ್ಲ. ನಿರೋಧ್ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಮನೆಯವರಿಗೆ ಕೊಡು ಎಂದರು. ಕೊಟ್ಟೆ. ಅವರು ಅದನ್ನು ಅಲಮಾರಿನ ಮೇಲಿಟ್ಟರು, ಈಗಲೂ ಅಲ್ಲೇ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ತಮ್ಮ ಇಲಾಖೆಯನ್ನು ನೋಡಿಯೇ ಹುಟ್ಟಿರಬೇಕು.

ಕೊನೆಗೆ ಆಕೆ ಹೇಳಿದ್ದು ಈ ನೈಸರ್ಗಿಕ ವಿಧಾನ. ಔಷಧಿ ಇಲ್ಲ, ಖರ್ಚಿಲ್ಲ, ಮೈಗೆ ಏನೂ ಆಗುವುದಿಲ್ಲ. ಮುಟ್ಟಾದ ಮೊದಲ ದಿನದಿಂದ ಎಣಿಸಬೇಕು, ನಡುವಿನ ದಿನಗಳಲ್ಲಿ ಗಂಡನಿಂದ ದೂರ ಇರಬೇಕು, ಉಳಿದ ದಿನ ಚಿಂತೆಯಿಲ್ಲ. ನನ್ನ ತಿಂಗಳು ಸರಿಯಾಗಿ ಬರುತ್ತದೆಯೇ ಎಂದು ಕೇಳಿದರು, ಗಡಿಯಾರದ ಹಾಗೆ ಬರುತ್ತದೆ ಎಂದೆ. ಅದು ಸುಳ್ಳಾಗಿರಲಿಲ್ಲ. ಆಮೇಲೆ ಆಧಾರ್ ನಂಬರು ಕೇಳಿದರು, ರೇಶನ್ ಕಾರ್ಡು ಕೇಳಿದರು, ಜಾತಿ ಕೇಳಿದರು, ಮೊಬೈಲಿಗೆ ಬಂದ ಓಟಿಪಿ ಕೇಳಿದರು. ಕೇಳದೆ ಬಿಟ್ಟದ್ದು ಒಂದೇ ಪ್ರಶ್ನೆ. ಈ ಪತ್ರ ಪೂರ್ತಿ ಅದರ ಸುತ್ತಲೇ ಇದೆ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ನಿಮ್ಮ ಮನೆಯಲ್ಲಿ ಹಬ್ಬ, ಪೂಜೆ, ಮದುವೆ ಬಂದಾಗ ಮುಟ್ಟು ಮುಂದೆ ಹಾಕುವ ಗುಳಿಗೆ ತಗೊಳ್ಳುತ್ತೀರಾ?

ತಗೊಳ್ಳುತ್ತೇವೆ, ಸ್ವಾಮಿ. ಭಾಗ್ಯನಗರವೆಂದು ಕರೆಸಿಕೊಳ್ಳುವ ಈ ಊರಿನಲ್ಲಿ ತಗೊಳ್ಳದ ಮನೆಯನ್ನು ತಾವೇ ಹುಡುಕಿ ತೋರಿಸಿ. ನಮ್ಮ ಓಣಿಯ ತೆಲುಗಿನವರು ಬೋನಾಲು ಹಬ್ಬಕ್ಕೆ ತಗೊಳ್ಳುತ್ತಾರೆ, ಬತುಕಮ್ಮ ಹಬ್ಬಕ್ಕೆ ತಗೊಳ್ಳುತ್ತಾರೆ. ನಾವು ಶ್ರಾವಣಕ್ಕೆ, ಶ್ರೀಶೈಲದ ಯಾತ್ರೆಗೆ, ಮಹಾನವಮಿಗೆ. ಮೆಡಿಕಲ್ ಅಂಗಡಿಯವನಿಗೆ ಚೀಟಿಯೂ ಬೇಕಿಲ್ಲ, ಹೆಸರೂ ಬೇಕಿಲ್ಲ. ಗಲ್ಲಾದ ಮುಂದೆ ಹೆಂಗಸೊಬ್ಬಳು ದನಿ ತಗ್ಗಿಸಿದರೆ ಸಾಕು, ಅವನೇ ತಿಳಿದುಕೊಂಡು ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಇದರಲ್ಲಿ ನಗು ಬರುವ ಸಂಗತಿ ಇನ್ನೊಂದಿದೆ. ನಾವು ಲಿಂಗಾಯತರು. ಮುಟ್ಟು ಮೈಲಿಗೆಯಲ್ಲ, ಸೂತಕವೆಂಬುದೇ ಇಲ್ಲ ಎಂದು ನಮ್ಮ ಶರಣರು ಯಾವ ಕಾಲದಲ್ಲೋ ಹೇಳಿಹೋದರು. ಬಸವ ಜಯಂತಿಯ ದಿನ ನಾವೂ ವೇದಿಕೆ ಹತ್ತಿ ಅದನ್ನು ಮೈಕಿನಲ್ಲಿ ಹೇಳುತ್ತೇವೆ. ಮೈಕು ಇಳಿಸಿ ಮನೆಗೆ ಬಂದರೆ ದೇವರ ಕೋಣೆಯ ಹೊಸ್ತಿಲು ನಮ್ಮನ್ನು ಅಲ್ಲೇ ತಡೆಯುತ್ತದೆ.

ಕಳೆದ ವರ್ಷ ನನ್ನ ಮೈದುನ ಬಸವಕಿರಣ ಉಪ್ಪಲ್‌ನಲ್ಲಿ ಫ್ಲ್ಯಾಟು ತಗೊಂಡ. ಗೃಹಪ್ರವೇಶಕ್ಕೆ ಮುಹೂರ್ತ ಸಿಕ್ಕಿದ್ದು ಸರಿಯಾಗಿ ನನ್ನ ದಿನಗಳಲ್ಲಿ. ನಾನು ಹಿರಿ ಸೊಸೆ, ಒಲೆಯ ಮೇಲೆ ಹಾಲು ಉಕ್ಕಿಸಬೇಕಾದವಳು. ನಮ್ಮ ಅಡುಗೆಮನೆಯಲ್ಲಿ ಊರಿನಿಂದ ತರಿಸಿದ ಕ್ಯಾಲೆಂಡರು ಒಂದೇ ಇದೆ. ಅದರ ಮೇಲೆ ನನ್ನ ತಿಂಗಳ ದಿನಕ್ಕೆ ನಾನು ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತೇನೆ, ಪೂಜೆಯ ದಿನಕ್ಕೆ ನನ್ನ ಅತ್ತೆ ಉಮಾಬಾಯಿ ಕುಂಕುಮದ ಬೊಟ್ಟು ಇಡುತ್ತಾರೆ. ಎರಡೂ ಒಂದೇ ಚೌಕದಲ್ಲಿ ಬಿದ್ದವು.

ಅತ್ತೆ ಸಿಡುಕಲಿಲ್ಲ, ಬೈಯಲಿಲ್ಲ. ಅವರ ಸ್ವಭಾವವೇ ಅದಲ್ಲ. ಸಂಜೆ ನೀರಿನ ಲೋಟದ ಜೊತೆ ಗುಳಿಗೆ ತಂದು ಕೊಟ್ಟರು. “ತಗೋವಾ, ಅನೂ. ನೀ ಇಲ್ಲದ ಆ ಮನಿಯಾಗ ಹಾಲು ಉಕ್ಕಿಸಿದ್ರ ನನಗ ಸಮಾಧಾನ ಆಗೂದಿಲ್ಲ. ನೀ ಮುಂದ ನಿಂದರಬೇಕು,” ಎಂದರು. ಅದರಲ್ಲಿ ಪ್ರೀತಿಯೇ ಇತ್ತು. ನಾನು ನುಂಗಿದೆ. ಅದಕ್ಕೂ ಮೊದಲು ಶ್ರೀಶೈಲಕ್ಕೆ ಹೋಗುವಾಗ ಒಮ್ಮೆ, ಒಂದು ಮದುವೆಗೆ ಒಮ್ಮೆ ನುಂಗಿದ್ದೆ. ಪ್ರತಿ ಸಲ ಗುಳಿಗೆ ಬಿಟ್ಟ ಮೇಲೆ ಮುಟ್ಟು ಬಂತು, ನಾನು ಹೊಸದಾಗಿ ಸುತ್ತು ಹಾಕಿದೆ, ತಮ್ಮವರು ಕಲಿಸಿದ ಹಾಗೆಯೇ ಮೊದಲ ದಿನದಿಂದ ಎಣಿಸಿದೆ. ಬೇಡವೆಂದ ದಿನಗಳಲ್ಲಿ ಮಕ್ಕಳ ಪಕ್ಕದಲ್ಲಿ ಹಾಸಿಗೆ ಹಾಕಿಕೊಂಡೆ, ಗಂಡನ ಮುನಿಸನ್ನೂ ಸಹಿಸಿದೆ. ನನ್ನ ಎಣಿಕೆ ಒಂದು ದಿನವೂ ತಪ್ಪಿಲ್ಲ. ಗೃಹಪ್ರವೇಶವೂ ಚಂದವಾಗಿ ನಡೆಯಿತು, ಹಾಲು ಉಕ್ಕಿತು, ಎಲ್ಲರೂ ಹೋಳಿಗೆ ಉಂಡು ಹೋದರು. ಅದಾದ ಕೆಲವು ವಾರಕ್ಕೆ ನಾನು ಬಸಿರಾಗಿದ್ದೆ.

ಆಗ ನನಗಾದ ಹೆದರಿಕೆಯನ್ನು ತಮ್ಮ ಮೂರು ಸಾಲಿನಲ್ಲಿ ಹುಡುಕಿದೆ, ಕಾಣಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ. ನಾನು ಸಾಯುತ್ತೇನೆ ಎಂದುಕೊಂಡೆ. ಮಕ್ಕಳ ಜಡೆ ಹಾಕುವಾಗ, ಡಬ್ಬಿ ಕಟ್ಟುವಾಗ, ಬೋರ್ಡಿನ ಮೇಲೆ ಸಮೀಕರಣ ಬರೆಯುವಾಗ ಅದೊಂದೇ ಯೋಚನೆ. ತಮ್ಮ ಕೇಂದ್ರಕ್ಕೇ ಓಡಿದೆ. ಅಲ್ಲಿಯ ನರ್ಸಮ್ಮ ಎಲ್ಲರಿಗೂ ಕೇಳುವ ಹಾಗೆ, “ಏಮ್ಮಾ, ಲೆಕ್ಕಲ ಟೀಚರ್ ಕದಾ ನುವ್ವು?” ಎಂದರು. ಲೆಕ್ಕದ ಟೀಚರಾಗಿ ಇಷ್ಟು ಲೆಕ್ಕ ಬರಲಿಲ್ಲವೇ ಎಂದು. ಬೆಂಚಿನ ಮೇಲೆ ಕೂತಿದ್ದ ಹೆಂಗಸರು ನಕ್ಕರು. ಅವರನ್ನು ನಾನು ದೂರುವುದಿಲ್ಲ, ಸರದಿಯಲ್ಲಿ ಕಾದು ಕಾದು ಬೇಸತ್ತವರಿಗೆ ಏನಾದರೊಂದು ಬೇಕಲ್ಲ.

ಗರ್ಭ ತೆಗೆಸಬೇಕು, ಜೀವಕ್ಕೆ ಅಪಾಯವಿದೆ ಎಂದು ಹಳೆಯ ಕಾಗದ ತೋರಿಸಿದೆ. ಗಂಡನನ್ನು ಕರೆದುಕೊಂಡು ಬಾ, ಆತನ ಸಹಿ ಬೇಕು ಎಂದರು. ಪ್ರಾಯಕ್ಕೆ ಬಂದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು ಎಂದು ಈ ದೇಶದ ಕಾನೂನು ಹೇಳುತ್ತದೆ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ತಮ್ಮ ಕೇಂದ್ರದಲ್ಲಿ ಕೂತವರಿಗೆ ಅದು ಮೊದಲೇ ತಿಳಿದಿರಬೇಕಲ್ಲವೇ? ನಮ್ಮ ಮನೆಯವರಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಸಿಕ್ಕ ಭಾನುವಾರ ಕೇಂದ್ರಕ್ಕೆ ಬೀಗ. ಅದರ ಮೇಲೆ ಅವರಿಗೂ ಮನಸ್ಸು ಹೊಯ್ದಾಡುತ್ತಿತ್ತು. “ಇರಲಿ ಬಿಡು, ದೇವ್ರು ಕೊಟ್ಟಾನ, ಅವ್ನ ಕಾಯ್ತಾನ,” ಎಂದರು. ಕಾಯುವ ಕೆಲಸವನ್ನು ದೇವರಿಗೂ ಹೊರುವ ಕೆಲಸವನ್ನು ನನಗೂ ಹಂಚಿ ಅವರು ಡ್ಯೂಟಿಗೆ ಹೋದರು. ಹೊಲಿಗೆಯ ಜಾಗದಲ್ಲಿ ಚುಚ್ಚುವ ನೋವು ಶುರುವಾಗಿತ್ತು.

ನನ್ನನ್ನು ಎಬ್ಬಿಸಿ ಕರೆದುಕೊಂಡು ಹೊರಟವರು ಅತ್ತೆ. “ಅವ್ನ ಸಹಿ ಬರೂತನಕ ನೀ ಉಳಿದ್ರ ಹೌದಲ್ಲ? ನಡಿ, ದೊಡ್ಡ ದವಾಖಾನಿಗೆ ಹೋಗೂಣು,” ಎಂದರು. ಬಸ್ಸು ಬದಲಾಯಿಸಿ ಮೆಹದಿಪಟ್ಟಣಂ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಕಾಗದವೆಲ್ಲ ನೋಡಿ, ಪರೀಕ್ಷೆ ಮಾಡಿ, ಹೇಗಾಯಿತು ಎಂದು ಕೇಳಿದರು. ನಾನು ದಿನ ಎಣಿಸುತ್ತಿದ್ದೆ ಎಂದೆ. ಆಗ ಅವರು ಹಿಂದಿಯಲ್ಲಿ, ಮುಟ್ಟು ಮುಂದೆ ಹಾಕಲು ಗೋಲಿ ಏನಾದರೂ ತಗೊಂಡಿರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಹರಕು ಹಿಂದಿಯಲ್ಲಿ, “ಹೌ ಅಮ್ಮಾ, ಮೈಂಚ್ ದೀ,” ಎಂದರು. ಹೌದು, ನಾನೇ ಕೊಟ್ಟೆ ಎಂದು. ಅದನ್ನು ಹೇಳುವಾಗ ಅವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು, ಸೊಸೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡೆ ಎನ್ನುವ ಹಾಗೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಮಗಿಬ್ಬರಿಗೂ ತಿಳಿಯುವಂತೆ ಹೇಳಿದರು. ಆ ಗುಳಿಗೆ ಹಾರ್ಮೋನಿನದು. ನುಂಗುತ್ತಿರುವ ತನಕ ಮುಟ್ಟನ್ನು ಹಿಡಿದಿಡುತ್ತದೆ, ಬಿಟ್ಟರೆ ಬರುತ್ತದೆ, ಆದರೆ ಮೈ ಅಷ್ಟಕ್ಕೇ ಹಳೆಯ ಕ್ರಮಕ್ಕೆ ಬಂತು ಎಂದಲ್ಲ. ಮೇಲಿಂದ ಮೇಲೆ ಹೀಗೆ ಮಾಡಿದವರಿಗೆ ಗರ್ಭ ನಿಲ್ಲುವ ದಿನಗಳು ಹಿಂದುಮುಂದಾಗಬಹುದು. ಗುಳಿಗೆ ಪೂರ್ತಿ ಬಿಟ್ಟು, ಕೆಲವು ತಿಂಗಳು ಮುಟ್ಟು ತಾನಾಗಿಯೇ ಸರಿಯಾಗಿ ಬರುವವರೆಗೆ ದಿನ ಎಣಿಸುವ ಲೆಕ್ಕವನ್ನು ನಂಬಬಾರದು. “ಅದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ನಿಮಗೆ ಇದೊಂದನ್ನೇ ನಂಬಿಕೊಂಡಿರಿ ಅಂತ ಯಾರೂ ಹೇಳಬಾರದಿತ್ತು,” ಎಂದರು. ಅವರು ಕೇಳಿದ ಪ್ರಶ್ನೆಗೆ ಯಂತ್ರ ಬೇಕಾಗಲಿಲ್ಲ, ಬಜೆಟ್ಟು ಬೇಕಾಗಲಿಲ್ಲ.

ನನ್ನ ಸಹಿ ತಗೊಂಡು ಅಲ್ಲಿಯೇ ಗರ್ಭ ತೆಗೆದರು. ನಾನು ಉಳಿದೆ. ತೆಗೆಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ದುಃಖವಿದೆ. ಎರಡೂ ಒಂದೇ ಎಂದುಕೊಳ್ಳುವವರಿಗೆ ನಾನು ಹೇಳುವಂಥದ್ದು ಏನೂ ಇಲ್ಲ. ಮನೆಗೆ ಬಂದ ಮೇಲೆ ಅತ್ತೆ ನನಗೆ ಬಿಸಿನೀರು ಕಾಸಿ, ಗಂಜಿ ಮಾಡಿ, ಹಾಸಿಗೆಯ ಹತ್ತಿರ ತಂದಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. “ನನಗ್ಯಾರ ಹೇಳಿದ್ರವಾ? ಹೇಳಿದ್ರ ನಾ ಕೊಡ್ತಿದ್ದೆನೇನು?” ಎಂದು ಮತ್ತೆ ಮತ್ತೆ ಕೇಳಿದರು. ಆ ಪ್ರಶ್ನೆಗೆ ಉತ್ತರ ತಮ್ಮ ಹತ್ತಿರ ಇರಬೇಕು ಎಂದು ದೂರು ಬರೆದೆ.

ಅದಕ್ಕೆ ಬಂದ ಉತ್ತರವೇ ಅಜಾಗರೂಕತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗೆ ತಾವೂ ಕೇಂದ್ರದವರು ಬರೆದು ಕಳಿಸಿದ್ದನ್ನು ಕಣ್ಣು ಮುಚ್ಚಿ ಸಹಿ ಮಾಡಿ ಕಳಿಸಿದಿರಿ. ಗುಳಿಗೆಯ ಸಂಗತಿಯನ್ನು ನಾನು ದೂರಿನಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಅದರ ಬಗ್ಗೆ ಒಂದಕ್ಷರವಿಲ್ಲ. ತಮ್ಮ ಈ ಉತ್ತರ ನಮ್ಮ ಮನೆಯಲ್ಲಿ ಮಾಡಿದ ಕೆಲಸ ಗೊತ್ತೇ? ನಮ್ಮ ಮನೆಯವರು ಓದಿ, “ನೋಡು, ಗೌರ್ಮೆಂಟಿನವ್ರ ಹೇಳ್ಯಾರ. ನಿಂದ ಲೆಕ್ಕ ತಪ್ಪೈತಿ,” ಎಂದರು. ಅಲ್ಲಿಯವರೆಗೆ ಅವರಿಗೂ ಒಳಗೊಳಗೆ ಒಂದು ಅಳುಕಿತ್ತು, ನಾನೂ ಸ್ವಲ್ಪ ನೋಡಿಕೊಳ್ಳಬೇಕಿತ್ತೇನೋ ಎಂಬ ಮುಖವಿತ್ತು. ತಾವು ಸರ್ಕಾರದ ಮೊಹರು ಹಾಕಿ ಅವರ ಭಾರ ಇಳಿಸಿದಿರಿ. ಈ ವಿಧಾನ ನಡೆಯಬೇಕಾದರೆ ಇಬ್ಬರು ಬೇಕು, ಸ್ವಾಮಿ. ಬೇಡ ಎಂದ ದಿನ ಬೇಡ ಎಂದು ಕೇಳಿಸಿಕೊಳ್ಳುವವನೂ ಒಬ್ಬ ಬೇಕು. ಇಷ್ಟು ವರ್ಷದಲ್ಲಿ ಆತನನ್ನು ಒಂದು ಸಲವಾದರೂ ಕರೆಸಿ ಕೂರಿಸಿ ಹೇಳಿದ್ದೀರಾ? ಸಹಿ ಬೇಕಾದಾಗ ಮಾತ್ರ ಗಂಡ ನೆನಪಾದನಲ್ಲ!

ಇನ್ನು ನೈಸರ್ಗಿಕ ಎಂಬ ಮಾತು. ಅದು ನನಗೂ ಇಷ್ಟವೇ. ಈ ವಿಧಾನವೇ ಸುಳ್ಳು ಎಂದು ನಾನು ವಾದ ಮಾಡುತ್ತಿಲ್ಲ, ತಿಂಗಳು ತಪ್ಪದೆ ಬರುವವರಿಗೆ, ಗಂಡ ಹೆಂಡತಿ ಇಬ್ಬರೂ ಒಪ್ಪಿ ನಡೆಯುವವರಿಗೆ, ಎಡವಿದರೂ ಜೀವಕ್ಕೆ ಕುತ್ತಿಲ್ಲದವರಿಗೆ ಅದು ಒಗ್ಗಬಹುದು. ಆದರೆ ನಿಸರ್ಗವನ್ನು ನಮ್ಮ ಮನೆಗಳಲ್ಲಿ ಯಾರು ಅದರ ಪಾಡಿಗೆ ಬಿಟ್ಟಿದ್ದಾರೆ? ಪಂಚಾಂಗ ನೋಡಿ ಮುಹೂರ್ತ, ಮುಹೂರ್ತ ನೋಡಿ ಗುಳಿಗೆ, ಗುಳಿಗೆ ನೋಡಿ ಮುಟ್ಟು. ಅಷ್ಟೆಲ್ಲ ಆದ ಮೇಲೆ ತಾವು ಬಂದು ಪ್ರಕೃತಿಯನ್ನು ನಂಬು ತಾಯಿ ಎನ್ನುತ್ತೀರಿ. ಈ ನೆಲದಲ್ಲೇ ಹುಟ್ಟಿ ಬೆಳೆದ ತಮ್ಮ ಸಲಹೆಗಾರ್ತಿಗೆ, ನರ್ಸಮ್ಮನಿಗೆ, ಬಹುಶಃ ತಮ್ಮ ಮನೆಯಲ್ಲಿಯ ತಾಯಿಗೆ, ಹೆಂಡತಿಗೆ ಈ ಗುಳಿಗೆಯ ವಿಷಯ ಗೊತ್ತಿಲ್ಲದೆ ಇದೆಯೇ? ಎಲ್ಲರಿಗೂ ಗೊತ್ತಿರುವುದು ಕಾಗದದ ಮೇಲೆ ಬರುವುದಿಲ್ಲ, ಅಷ್ಟೇ.

ಇದೆಲ್ಲ ನನ್ನೊಬ್ಬಳಿಗೆ ಆಗಿ ಮುಗಿದ ಕಥೆಯಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಈ ಸಲದ ಮಹಾನವಮಿಗೆ ಬಸವಕಿರಣನ ಹೆಂಡತಿ ಪಿಂಕಿ ನಮ್ಮ ಮನೆಗೆ ಬಂದಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲದ ಹುಡುಗಿ, ಓದು ಮುಗಿಯುವವರೆಗೆ ಮಗು ಬೇಡವೆಂದು ತಮ್ಮದೇ ಕೇಂದ್ರಕ್ಕೆ ಹೋಗಿ ಬಂದಿದ್ದಾಳೆ. ಮರುದಿನ ದೇವಿಯ ಘಟ್ಟ ಹಾಕಿ ಹಬ್ಬದ ಪೂಜೆ ಶುರು ಮಾಡಬೇಕು. ಆಕೆಯೇ ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ, “ಅತ್ತೀ, ನನ್ನ ದಿನ ಹತ್ರ ಬಂದಾವ್ರಿ. ಗುಳಿಗಿ ಅದಾವೇನ್ರಿ?” ಎಂದು ಕೇಳಿದಳು.

ಅತ್ತೆ ಹಿಟ್ಟಿನ ಕೈ ಹಾಗೆಯೇ ಹಿಡಿದುಕೊಂಡು ನಿಂತರು. “ನೀ ಸೆಂಟರಿಗೆ ಹೋಗಿದ್ದಿ ಅಲಾ, ಅಲ್ಲಿ ಏನ ಹೇಳ್ಯಾರ?”

“ದಿನಾ ಎಣಸಾಕ ಹೇಳ್ಯಾರ್ರಿ. ಭಾಳ ಸುಲಭ ಐತಂತ.”

“ಈ ಗುಳಿಗಿ ನುಂಗತೀ ಏನಂತ ಕೇಳಿದ್ರೇನು?”

“ಇಲ್ರಿ. ಆಧಾರ್ ನಂಬರ್ ಕೇಳಿದ್ರು.”

ಅತ್ತೆ ಗುಳಿಗೆ ಕೊಡಲಿಲ್ಲ. ಆಕೆಯನ್ನು ಕೂರಿಸಿಕೊಂಡು ನನಗಾದದ್ದನ್ನೆಲ್ಲ ಹೇಳಿದರು. ಪಿಂಕಿ ಹೆದರಿ ನನ್ನ ಮುಖ ನೋಡಿದಳು. ಮರುದಿನ ಘಟ್ಟ ಹಾಕುವ ಹೊತ್ತಿಗೆ ಪಿಂಕಿ ಮುಟ್ಟಾಗಿದ್ದಳು, ಅತ್ತೆ ಆಕೆಯನ್ನು ಹೊರಗೆ ಕೂರಿಸಲಿಲ್ಲ. ನೆಂಟರಲ್ಲಿ ಒಬ್ಬಿಬ್ಬರು ಮೂಗು ಮುರಿದರು. ನಮ್ಮ ಮನೆಯಲ್ಲಿ ಒಬ್ಬ ಮುದುಕಿ ಇಷ್ಟು ಮಾಡಿದರು. ಪಕ್ಕದ ಮನೆಯಲ್ಲಿ, ಅದರ ಪಕ್ಕದ ಮನೆಯಲ್ಲಿ ಇದನ್ನು ಯಾರು ಮಾಡಬೇಕು? ಅದಕ್ಕೆಂದು ಸಂಬಳ ತಗೊಳ್ಳುತ್ತಿರುವವರು ನನ್ನ ಅತ್ತೆಯಲ್ಲ.

ಆದ್ದರಿಂದ ನನ್ನ ಬೇಡಿಕೆ. ದಿನ ಎಣಿಸುವ ವಿಧಾನವನ್ನು ಹೇಳಿಕೊಡುವ ಮೊದಲು ಪ್ರತಿ ಹೆಣ್ಣಿಗೂ ಆ ಗುಳಿಗೆಯ ಪ್ರಶ್ನೆಯನ್ನು ಆಕೆಯ ಭಾಷೆಯಲ್ಲಿ ಕೇಳುವಂತೆ ಆದೇಶ ಹೊರಡಿಸಿ. ಮತ್ತೊಂದು ಬಸಿರು ತಡೆಯಲಾರದ ಮೈಯವಳನ್ನು ಬರೀ ಈ ಎಣಿಕೆಯ ಮೇಲೆ ಬಿಟ್ಟು ಕಳಿಸಬೇಡಿ, ಆಕೆಯ ಗಂಡನನ್ನೂ ಕರೆಸಿ. ಚೀಟಿಯಿಲ್ಲದೆ ಆ ಗುಳಿಗೆ ಮಾರುವವರನ್ನು ತಡೆಯಿರಿ. ಅದು ತಮ್ಮ ಇಲಾಖೆಯ ಕೆಲಸವಲ್ಲ ಎಂದಾದರೆ ಯಾರದು ಎಂಬುದನ್ನಾದರೂ ತಿಳಿಸಿ. ಮತ್ತು ನನ್ನ ಕಡತದಿಂದ ಅಜಾಗರೂಕತೆ ಎಂಬ ಪದವನ್ನು ತೆಗೆದು, ಹಾಗೆ ತೆಗೆದದ್ದನ್ನು ನನಗೆ ಬರೆದು ತಿಳಿಸಿ. ಮುಂದಿನ ಶ್ರಾವಣ ಬರುವುದರೊಳಗೆ ಇದು ಆಗಬೇಕು, ಏಕೆಂದರೆ ಆ ತಿಂಗಳಲ್ಲೇ ಅಂಗಡಿಯ ಮುಂದೆ ದನಿ ತಗ್ಗಿಸುವವರು ಹೆಚ್ಚು.

ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಅವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ನಾಲ್ಕು ಜನ ಆಡಿಕೊಳ್ಳುತ್ತಾರೆ, ಬೇಕಾದರೆ ಅವರ ಮಾತು ತೆಗೆದುಬಿಡುತ್ತೇನೆ ಎಂದೆ. ಅವರು ಹೇಳಿದರು: “ತಗೀಬ್ಯಾಡ. ನಾ ಕೊಟ್ಟಿದ್ದು ಖರೇ. ನನಗ ಯಾರೂ ಹೇಳಿದ್ದಿಲ್ಲ, ಅದೂ ಖರೇ. ಎರಡೂ ಬರಿ, ಕೆಳಗ ನಂದೂ ಸಹಿ ಇರಲಿ.”

ಇಂತಿ,
ತಾವು ಮುಕ್ತಾಯಗೊಳಿಸಿದ ಮೇಲೂ ಬದುಕಿ ಉಳಿದಿರುವ
ಅನುರಾಧಾ, ನಾಚಾರಂ

ಮತ್ತು ಯಾರೂ ಏನೂ ಹೇಳದೆ ಬಿಟ್ಟ ಆಕೆಯ ಅತ್ತೆ
ಉಮಾಬಾಯಿ